ಕೆಂಧೂಳಿನ ಊರಲ್ಲಿ ಕಾರಿಗೆ ಪಾಲಿಶ್: ಮನೆಯಲ್ಲೇ ಮಾಡುವುದು ಹೇಗೆ?

ಬಳ್ಳಾರಿಯ ಯಾವ ಬಡಾವಣೆಯಲ್ಲಾದರೂ ಬೆಳಿಗ್ಗೆ ಏಳು ಗಂಟೆಗೆ ಒಂದು ಸುತ್ತು ಹಾಕಿ. ಹಳದಿ ಬಟ್ಟೆ ಹಿಡಿದು ಕಾರು ಒರೆಸುವವರು ಕಣ್ಣಿಗೆ ಬಿದ್ದೇ ಬೀಳುತ್ತಾರೆ. ನೀರಿಲ್ಲ, ಶಾಂಪೂ ಇಲ್ಲ. ಒಣ ಬಟ್ಟೆಯಲ್ಲೇ ಬಾನೆಟ್‌ನಿಂದ ಡಿಕ್ಕಿವರೆಗೆ ಬರಬರ ಉಜ್ಜುತ್ತಾರೆ. ಧೂಳು ಹೋಯಿತು, ಕಾರು ಫಳಫಳ ಎನ್ನುತ್ತದೆ. ಅದೇ ಕಾರನ್ನು ಬಿಸಿಲಲ್ಲಿ ನಿಲ್ಲಿಸಿ ನೋಡಿ. ಬಾನೆಟ್ ತುಂಬ ಜೇಡರಬಲೆಯಂಥ ಸಣ್ಣ ಗೆರೆಗಳು. ಪೇಂಟ್ ಮಂಕಾಗಿ ಕಾಣುವುದಕ್ಕೆ ಬಹುಪಾಲು ಇವೇ ಕಾರಣ.

ನಮ್ಮ ಕಡೆಯ ಧೂಳು ಬರೀ ಮಣ್ಣಲ್ಲ. ಸಂಡೂರು, ತೋರಣಗಲ್ಲು ದಾರಿಯಲ್ಲಿ ಅದಿರು ಲಾರಿ ಹಿಂದೆ ಸ್ವಲ್ಪ ದೂರ ಹೋದರೆ ಸಾಕು, ಬಿಳಿ ಕಾರಿಗೆ ಕೆಂಪು ಬಣ್ಣ ಏರಿರುತ್ತದೆ. ಆ ಪುಡಿಯಲ್ಲಿರುವ ಹೆಮಟೈಟ್ ಎಂಬ ಕಬ್ಬಿಣದ ಅದಿರು ಹೆಚ್ಚೂಕಮ್ಮಿ ಗಾಜಿನಷ್ಟೇ ಗಟ್ಟಿ. ಗಂಗಾವತಿ, ಸಿಂಧನೂರಿನವರಿಗೆ ರೈಸ್‌ಮಿಲ್ ಬೂದಿಯ ಕಾಟ. ಭತ್ತದ ಹೊಟ್ಟು ಸುಟ್ಟ ಬೂದಿಯಲ್ಲಿ ಬಹುಪಾಲು ಸಿಲಿಕಾ, ಮರಳಿನಲ್ಲಿರುವುದೂ ಅದೇ. ರಾಯಚೂರಿನ ಶಕ್ತಿನಗರ, ಇಲ್ಲಿನ ಕುಡತಿನಿ ಕಡೆಯವರಿಗೆ ಕಲ್ಲಿದ್ದಲಿನ ಹಾರುಬೂದಿ. ಒಣ ಬಟ್ಟೆ ಇದನ್ನೆಲ್ಲ ತೆಗೆಯುವಾಗ ಪೇಂಟಿನ ಮೇಲೆ ಎಳೆದುಕೊಂಡೇ ಹೋಗುತ್ತದೆ.

ಕೆಲಸಕ್ಕೆ ಇಳಿಯುವ ಮುಂಚೆ ಒಂದು ಲೆಕ್ಕ ಗೊತ್ತಿರಲಿ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ತಲೆಕೂದಲು ಸುಮಾರು 70 ಮೈಕ್ರಾನ್ ಇರುತ್ತದೆ, ಅದಕ್ಕಿಂತಲೂ ತೆಳು ಇದು. ಪಾಲಿಶ್ ಮಾಡುವುದು ಅಂದರೆ ಈ ಪದರವನ್ನೇ ಚೂರು ಸವೆಸಿ ಗೆರೆಗಳನ್ನು ಸಮ ಮಾಡುವುದು. ಸವೆದದ್ದು ವಾಪಸ್ ಬರುವುದಿಲ್ಲ. ಹಾಗಾಗಿ ಪ್ರತಿ ಹಬ್ಬಕ್ಕೂ ಕಂಪೌಂಡ್, ಅಂದರೆ ಪೇಂಟ್ ಉಜ್ಜುವ ಒರಟು ಪೇಸ್ಟ್, ಹೊಡೆಸುವ ಚಾಳಿ ಬೇಡ. ಗೆರೆ ಮೇಲೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಆ ಗೀರು ಆಳದ್ದು, ಪಾಲಿಶ್‌ನಿಂದ ಹೋಗುವುದಿಲ್ಲ. ಅದನ್ನು ಬಿಟ್ಟುಬಿಡಿ, ಸುಮ್ನೆ ಉಜ್ಜಿ ಬಣ್ಣ ಕಳಕೊಳ್ಳಬೇಡಿ.

ದೀಪಾವಳಿ ಕಳೆದ ಮೇಲೆ, ಬಿಸಿಲು ಏರುವುದಕ್ಕೆ ಮುಂಚಿನ ತಿಂಗಳುಗಳು ಈ ಕೆಲಸಕ್ಕೆ ಒಳ್ಳೆಯವು. ಏಪ್ರಿಲ್, ಮೇನಲ್ಲಿ ಬೇಡ. ಆಷಾಢದ ಗಾಳಿಯಲ್ಲಂತೂ ಬೇಡವೇ ಬೇಡ. ಮೂರು ಕಡೆ ಗೋಡೆ ಇರುವ ಪೋರ್ಟಿಕೋ ಸಿಕ್ಕರೆ ಸಾಕು. ಬಾನೆಟ್ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು. ಬಿಸಿ ಇದ್ದರೆ ಶಾಂಪೂ, ಪಾಲಿಶ್ ಎಲ್ಲ ಅಲ್ಲೇ ಒಣಗಿ ಕಲೆ ಕಟ್ಟುತ್ತವೆ.

ತೊಳೆಯುವುದೇ ಅರ್ಧ ಕೆಲಸ

ಮೊದಲು ಪೈಪ್ ಹಿಡಿದು ಟಾಪ್‌ನಿಂದ ಕೆಳಕ್ಕೆ ನೀರು ಬಿಡಿ. ಕೈ, ಬಟ್ಟೆ ಏನೂ ಮುಟ್ಟಿಸಬೇಡಿ. ಕೆಂಪು ನೀರು ಇಳಿಯುವುದು ನಿಲ್ಲುವ ತನಕ ಬಿಡಿ. ಬಾಗಿಲ ಕೆಳಅಂಚು, ಚಕ್ರದ ಮೇಲಿನ ಕಮಾನು, ವೈಪರ್ ಬುಡದಲ್ಲಿ ಜಾಸ್ತಿ ಧೂಳು ಕೂತಿರುತ್ತದೆ. ಆಮೇಲೆ ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಗ್ಲೌಸ್ ಶಾಂಪೂವಿನಲ್ಲಿ ಅದ್ದಿ ಒಂದು ಬಾಗಿಲು ತೊಳೆದ ಮೇಲೆ, ಬರೀ ನೀರಿನಲ್ಲಿ ಜಾಲಿಸಿ ಮತ್ತೆ ಶಾಂಪೂವಿಗೆ ಹಾಕಿ. ಕೆಲಸ ಮುಗಿದಾಗ ನೀರಿನ ಬಕೆಟ್ ತಳದಲ್ಲಿ ಕೂತ ಕೆಂಪು ಗಸಿ ನೋಡಿದರೆ ಎರಡನೇ ಬಕೆಟ್ ಯಾಕೆ ಅಂತ ಯಾರೂ ಕೇಳುವುದಿಲ್ಲ. ಬಟ್ಟೆ ಒಗೆಯುವ ಪುಡಿ, ಪಾತ್ರೆ ಸೋಪು ಹತ್ತಿರ ತರಬೇಡಿ. ಚಕ್ರಗಳಿಗೆ ಬೇರೆ ಬಟ್ಟೆ, ಅವನ್ನು ಕೊನೆಗೆ ತೊಳೆಯಿರಿ.

ನೀರಿನ ವಿಷಯದಲ್ಲಿ ಇಲ್ಲಿನವರು ಹುಷಾರಾಗಿರಬೇಕು. ಬೋರ್ ನೀರು ಗಡುಸು. ಹನಿ ಒಣಗಿದ ಕಡೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಳಿದು ಬಿಳಿ ಚುಕ್ಕೆ ಬೀಳುತ್ತದೆ, ಬಿಸಿಲಲ್ಲಿ ಅದು ಕ್ಲಿಯರ್ ಕೋಟನ್ನೇ ಕಚ್ಚಿಕೊಳ್ಳುತ್ತದೆ. ತುಂಬ ಮನೆಗಳಲ್ಲಿ ಆರ್‌ಒ ಮಷಿನ್‌ನಿಂದ ಹೊರಬರುವ ವೇಸ್ಟ್ ನೀರನ್ನು ಕಾರು ತೊಳೆಯಲು ಎತ್ತಿಡುತ್ತಾರೆ. ಉಳಿತಾಯವೇನೋ ಸರಿ, ಆದರೆ ಬೋರ್ ನೀರಿನ ಉಪ್ಪೆಲ್ಲ ಅದರಲ್ಲೇ ಸೇರಿರುತ್ತದೆ. ಗಿಡಕ್ಕೂ ಅಷ್ಟಕ್ಕಷ್ಟೇ, ಕಾರಿಗಂತೂ ಬೇಡ. ಎಸಿಯಿಂದ ತೊಟ್ಟಿಕ್ಕುವ ನೀರು ಇದಕ್ಕೆ ಪೂರ್ತಿ ಉಲ್ಟಾ. ಗಾಳಿಯ ತೇವವೇ ನೀರಾಗಿ ಬಂದದ್ದು, ಉಪ್ಪು ಇಲ್ಲದಷ್ಟು ಕಡಿಮೆ. ಒಂದು ಬಕೆಟ್ ಹಿಡಿದಿಟ್ಟು ಬಟ್ಟೆಯಲ್ಲಿ ಸೋಸಿ ಕೊನೆಯ ಸಲ ಸುರಿಯಲು ಬಳಸಿ. ಅದಿಲ್ಲದಿದ್ದರೆ ನಲ್ಲಿ ನೀರು. ಯಾವ ನೀರಾದರೂ ತಾನಾಗಿ ಒಣಗಲು ಬಿಡಬೇಡಿ. ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ, ಒತ್ತಿ, ನೀರು ಹೀರಿಸಿ. ಹಳೇ ಬನಿಯನ್ ಬೇಡ, ಅದರ ಹೊಲಿಗೆಯೇ ಗೀರುತ್ತದೆ. ಚುಕ್ಕೆಗಳು ಆಗಲೇ ಇದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಒಂದು ನಿಮಿಷ ಇಟ್ಟು, ತಕ್ಷಣ ತೊಳೆಯಿರಿ.

ಈಗ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಿ. ಬರಿಗೈಗೆ ನುಣುಪು ಅನಿಸಿದ್ದು ಕವರ್ ಹಾಕಿದರೆ ತರಿತರಿ ಅನ್ನುತ್ತದೆ. ಅದು ಪೇಂಟಿಗೆ ಕಚ್ಚಿಕೊಂಡ ಕೊಳೆ. ಅದಿರಿನ ಪುಡಿ ಬಹುಮಟ್ಟಿಗೆ ನೀರಿಗೇ ಹೋಗುತ್ತದೆ. ಹೋಗದೆ ಉಳಿಯುವುದು ಬ್ರೇಕ್ ಸವೆತದಿಂದ, ವೆಲ್ಡಿಂಗ್‌ನಿಂದ, ಕಬ್ಬಿಣದ ಕಾರ್ಖಾನೆಗಳ ಸುತ್ತ ಹಾರುವ ಲೋಹದ ಕಣ. ಬಿಳಿ ಕಾರಿನಲ್ಲಿ ಇವು ಕಿತ್ತಳೆ ಚುಕ್ಕೆಗಳಾಗಿ ಕಾಣುತ್ತವೆ. ತೋರಣಗಲ್ಲು, ಗಿಣಿಗೇರಾ ಕಡೆ ದಿನಾ ಓಡಾಡುವವರು ಗಮನಿಸಿರಬಹುದು. ಇದಕ್ಕೆ ಐರನ್ ರಿಮೂವರ್ ಸ್ಪ್ರೇ ಬರುತ್ತದೆ. ಹೊಡೆದ ಕೆಲವು ನಿಮಿಷದಲ್ಲೇ ಚುಕ್ಕೆ ಇದ್ದಲ್ಲೆಲ್ಲ ನೇರಳೆ ಬಣ್ಣದ ನೀರು ಇಳಿಯಲು ಶುರುವಾಗುತ್ತದೆ. ಕಬ್ಬಿಣದ ಜೊತೆ ರಾಸಾಯನಿಕ ಸೇರಿದ ಗುರುತು ಅದು. ವಾಸನೆ ಮಾತ್ರ ಕೊಳೆತ ಮೊಟ್ಟೆಯದ್ದು, ಗ್ಲೌಸ್ ಮತ್ತು ಮಾಸ್ಕ್ ಇರಲಿ. ಒಣಗುವ ಮುಂಚೆ ತೊಳೆದುಬಿಡಿ.

ಉಳಿದ ತರಿಗೆ ಕ್ಲೇ ಬಾರ್, ಅಂದರೆ ಕಚ್ಚಿಕೊಂಡ ಕೊಳೆ ಎತ್ತುವ, ಜೇಡಿಮಣ್ಣಿನಂಥ ಮೆತ್ತನೆ ಮುದ್ದೆ. ಒಂದು ತುಂಡು ಮುರಿದು ಚಪ್ಪಟೆ ಮಾಡಿ, ಪೇಂಟಿನ ಮೇಲೆ ಶಾಂಪೂ ನೀರು ಧಾರಾಳವಾಗಿ ಸಿಂಪಡಿಸಿ, ಒತ್ತದೆ ನೇರವಾಗಿ ಆಡಿಸಿ. ಮೊದಲು ತಡೆ ತಡೆದು ಹೋಗುತ್ತದೆ, ಆಮೇಲೆ ಜಾರುತ್ತದೆ. ಜಾರಿತು ಅಂದರೆ ಆ ಜಾಗ ಮುಗಿಯಿತು. ಕ್ಲೇ ಕಪ್ಪಾದಂತೆ ಮಡಚಿ ಹೊಸ ಮುಖ ಮಾಡಿಕೊಳ್ಳಿ. ನೆಲಕ್ಕೆ ಬಿದ್ದರೆ ಆ ತುಂಡು ಕಸಕ್ಕೆ. ತೊಳೆದು ಬಳಸೋಣ ಅಂದುಕೊಳ್ಳಬೇಡಿ.

ಪಾಲಿಶ್: ಮೊದಲು ಅಂಗೈಯಗಲದ ಜಾಗದಲ್ಲಿ

ಕಪ್ಪು ಪ್ಲಾಸ್ಟಿಕ್, ರಬ್ಬರ್ ಬೀಡಿಂಗ್, ಬಾಗಿಲ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಅಂಚಿನಲ್ಲಿ ಪೇಂಟ್ ತೆಳು, ಬೇಗ ಹೋಗುತ್ತದೆ. ಪ್ಲಾಸ್ಟಿಕ್‌ಗೆ ಪಾಲಿಶ್ ತಾಗಿದರೆ ಬಿಳಿ ಕಲೆ ಬಿಡಿಸುವುದು ದೊಡ್ಡ ರಗಳೆ.

ಅಂಗಡಿಯಲ್ಲಿ ರಬ್ಬಿಂಗ್ ಕಂಪೌಂಡ್, ಪಾಲಿಶ್ ಎರಡೂ ಅಕ್ಕಪಕ್ಕ ಇರುತ್ತವೆ. ಕಂಪೌಂಡ್ ಒರಟು, ಪಾಲಿಶ್ ನಯ. ಮೊದಲು ನಯದ್ದನ್ನೇ, ಮೆತ್ತನೆ ಫೋಮ್ ಪ್ಯಾಡ್‌ನಲ್ಲಿ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಮಾಡಿ ನೋಡಿ. ಮೊಬೈಲ್ ಟಾರ್ಚ್ ಬಿಟ್ಟರೆ ಗೆರೆ ಹೋಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಸಾಕಾದರೆ ಇಡೀ ಕಾರಿಗೆ ಅದೇ ಸಾಕು. ಹಳೇ ಕಾರಿನಲ್ಲಿ ಬಟ್ಟೆಗೆ ಕಾರಿನ ಬಣ್ಣವೇ ಬಂದರೆ ಹೆದರಬೇಡಿ, ಅಂಥವಕ್ಕೆ ಕ್ಲಿಯರ್ ಕೋಟ್ ಇರುವುದಿಲ್ಲ. ಇತ್ತೀಚಿನ ಕಾರಿನಲ್ಲಿ ಹಾಗಾದರೆ ಅಲ್ಲೇ ನಿಲ್ಲಿಸಿ.

ಮಷಿನ್ ಕೊಳ್ಳುವುದಾದರೆ ಡ್ಯುಯಲ್ ಆ್ಯಕ್ಷನ್ ಪಾಲಿಶರ್ ತಗೊಳ್ಳಿ. ಅದರ ಪ್ಯಾಡ್ ತಿರುಗುತ್ತಾ ಓಲಾಡುತ್ತದೆ, ಒಂದೇ ಕಡೆ ಬಿಸಿ ಏರುವುದಿಲ್ಲ. ಗ್ಯಾರೇಜಿನವರ ರೋಟರಿ ಮಷಿನ್ ಪಳಗಿದ ಕೈಗೆ ಸರಿ, ಹೊಸಬರ ಕೈಯಲ್ಲಿ ನಾಲ್ಕು ಸೆಕೆಂಡಿನಲ್ಲಿ ಅಂಚು ಸುಡುತ್ತದೆ. ಪ್ಯಾಡ್‌ಗೆ ಬಟಾಣಿಯಷ್ಟು ಮೂರ್ನಾಲ್ಕು ಹನಿ ಹಾಕಿ. ಎರಡಡಿ ಚೌಕ ತೆಗೆದುಕೊಂಡು, ಮೊದಲು ಕಡಿಮೆ ವೇಗದಲ್ಲಿ ಹರಡಿ, ಆಮೇಲೆ ವೇಗ ಏರಿಸಿ, ಅಡ್ಡ ಒಂದು ಸಲ, ಉದ್ದ ಒಂದು ಸಲ ನಿಧಾನವಾಗಿ ಎಳೆಯಿರಿ. ಮಷಿನ್ ಭಾರವೇ ಸಾಕು, ಮೈಭಾರ ಹಾಕಬೇಡಿ. ಪಾಲಿಶ್ ತೆಳುವಾಗಿ, ಎಣ್ಣೆ ಹಚ್ಚಿದ ಹಾಗೆ ಕಂಡಾಗ ನಿಲ್ಲಿಸಿ ಒರೆಸಿ. ಕೈಯಲ್ಲೂ ಮಾಡಬಹುದು, ರಟ್ಟೆ ಬೀಳುತ್ತದೆ ಅಷ್ಟೇ. ಒಂದೇ ದಿನ ಇಡೀ ಕಾರು ಮುಗಿಸಲೇಬೇಕೆಂಬ ಹಟ ಬೇಡ.

ಸೀಲಂಟ್ ಹಾಕುವುದು

ಪಾಲಿಶ್ ಆದ ಮೇಲೆ ಪೇಂಟನ್ನು ಕಾಯಲು ಹಚ್ಚುವ ತೆಳು ಪದರವೇ ಸೀಲಂಟ್. ಪಾಲಿಶ್‌ನ ಎಣ್ಣೆ ಪೇಂಟಿನ ಮೇಲೆ ಉಳಿದಿದ್ದರೆ ಅದು ಹಿಡಿಯುವುದಿಲ್ಲ. ಐದು ಪಾಲು ನೀರಿಗೆ ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ಸಿಂಪಡಿಸಿ ಒರೆಸಿ. ಮನೆಯಲ್ಲಿದೆ ಅಂತ ಥಿನ್ನರ್ ಹಾಕಿದರೆ ಪೇಂಟೇ ಕರಗುತ್ತದೆ.

ಇನ್ನು ಏನು ಹಾಕುವುದು? ಕಾರ್ನೌಬಾ ವ್ಯಾಕ್ಸ್ ಬ್ರೆಜಿಲ್‌ನ ಒಂದು ಜಾತಿಯ ತಾಳೆ ಎಲೆಯಿಂದ ಬರುವ ಮೇಣ. ಹೊಳಪು ಚೆಂದ, ಬಾಳಿಕೆ ಕಡಿಮೆ. ಇಲ್ಲಿನ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತದೆ, ಕಪ್ಪು ಬಾನೆಟ್ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಅಂಥ ಕಡೆ ವ್ಯಾಕ್ಸ್ ಹೆಚ್ಚು ವಾರ ನಿಲ್ಲುವುದಿಲ್ಲ. ನನ್ನ ಮತ ಪಾಲಿಮರ್ ಸೀಲಂಟ್‌ಗೆ, ನಾಲ್ಕೈದು ತಿಂಗಳು ಬರುತ್ತದೆ. ಸೆರಾಮಿಕ್ ಕೋಟಿಂಗ್ ಕಿಟ್‌ಗಳೂ ಸಿಗುತ್ತವೆ. ವರ್ಷಗಟ್ಟಲೆ ಬರುತ್ತದೆ ನಿಜ. ಆದರೆ ಬೇಗ ಗಟ್ಟಿಯಾಗುತ್ತದೆ, ಒರೆಸುವುದು ತಡವಾದರೆ ಪಟ್ಟೆ ಉಳಿದು ಮತ್ತೆ ಪಾಲಿಶ್ ಹೊಡೆದೇ ತೆಗೆಯಬೇಕು. ಹಚ್ಚುವಾಗ ಧೂಳು ಕೂತರೆ ಅದೂ ಒಳಗೇ ಸೇರುತ್ತದೆ. ಬಾಗಿಲಿಲ್ಲದ ಪೋರ್ಟಿಕೋದಲ್ಲಿ ಅದಕ್ಕೆ ಕೈ ಹಾಕಬೇಡಿ.

ಸೀಲಂಟ್ ಹಚ್ಚುವುದು ಸುಲಭ. ಫೋಮ್ ತುಂಡಿಗೆ ಸ್ವಲ್ಪವೇ ಹಾಕಿ, ಕಂಡೂ ಕಾಣದಷ್ಟು ತೆಳುವಾಗಿ ಸವರಿ. ದಪ್ಪ ಹಚ್ಚಿದರೆ ಬಾಳಿಕೆ ಹೆಚ್ಚುವುದಿಲ್ಲ, ಒರೆಸುವ ಕಷ್ಟ ಹೆಚ್ಚುತ್ತದೆ. ಹಚ್ಚಿದ್ದು ಒಣಗಿ ಮಂಜಿನಂತೆ ಮಸುಕಾದ ಮೇಲೆ ಬೆರಳಿಂದ ಒಂದು ಗೆರೆ ಎಳೆಯಿರಿ. ಗೆರೆ ಸ್ವಚ್ಛವಾಗಿ ಬಂದರೆ ಒರೆಸಬಹುದು, ಮೆತ್ತಿಕೊಂಡರೆ ಇನ್ನಷ್ಟು ಕಾಯಿರಿ. ಅವತ್ತು ರಾತ್ರಿ ನೀರು, ಇಬ್ಬನಿ ತಾಗದಂತೆ ಒಳಗೇ ನಿಲ್ಲಿಸಿ.

ಇಷ್ಟೆಲ್ಲ ಆದ ಮೇಲೆ ಮತ್ತೆ ಹಳದಿ ಬಟ್ಟೆ ಹಿಡಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ, ಅಲ್ವಾ? ಧೂಳು ಕೂತರೆ ಕೂತಿರಲಿ, ಮುಂದಿನ ಸಲ ತೊಳೆಯುವ ತನಕ ಮುಟ್ಟಬೇಡಿ. ದಿನಾ ಒರೆಸುವ ಹುಡುಗನಿಗೂ ಹೇಳಿ, ಗಾಜು ಮಾತ್ರ ಒರೆಸಿದರೆ ಸಾಕು. ಹಕ್ಕಿ ಹಿಕ್ಕೆ ಮಾತ್ರ ಕಾಯುವಂಥದ್ದಲ್ಲ. ಬಿಸಿಲಿಗೆ ಪೇಂಟನ್ನು ತಿನ್ನುತ್ತದೆ, ಒದ್ದೆ ಬಟ್ಟೆಯಿಟ್ಟು ನೆನೆಸಿ ಎತ್ತಿ. ನೀರು ಗುಂಡು ಹನಿಯಾಗದೆ ಹಾಳೆಯಂತೆ ಹರಡತೊಡಗಿದರೆ ಸೀಲಂಟ್ ಇನ್ನೊಂದು ಕೈ ಹಾಕುವ ಹೊತ್ತು, ಪಾಲಿಶ್ ಮತ್ತೆ ಬೇಕಿಲ್ಲ. ಆಯುಧಪೂಜೆಗೆ ಅರಿಶಿನ, ಕುಂಕುಮ, ವಿಭೂತಿಯನ್ನು ಬಾನೆಟ್‌ಗೆ ಬಳಿಯದೆ ಮುಂದಿನ ಗಾಜಿಗೆ ಹಚ್ಚಿ. ಹೂವಿನ ಹಾರದ ತಂತಿಯ ಕೆಳಗೆ ಮೆತ್ತನೆ ಬಟ್ಟೆ ಇಡಲು ಮರೆಯಬೇಡಿ.