ಹದಿನೈದು ಸಿಂಹಗಳಿದ್ದ ಕೋಣೆ: ಪ್ರಾಣಿ ಕಾರ್ಡುಗಳ ಜೊತೆ ನನ್ನ ಅನುಭವ

"ಅಲ್ಲಯ್ಯಾ, ಇಷ್ಟು ವರ್ಷ ಕಲಿತು ಕೊನೆಗೆ ಮಕ್ಕಳಾಟಕ್ಕೆ ಇಳಿದೆಯಾ?"

ನನಗೆ ತರಬೇತಿಯ ಕೆಲಸ ಕಲಿಸಿದವರೇ ಹೀಗೆ ಕೇಳಿದ್ದರು. ಸ್ವಭಾವವನ್ನು ಪ್ರಾಣಿಗಳಿಗೆ ಹೋಲಿಸಿ ಟೀಮ್ ವರ್ಕ್‌ಶಾಪ್ ಮಾಡುತ್ತೇನೆ ಅಂದಾಗ ಬಂದ ಮಾತು ಅದು. ಆರು ವರ್ಷವಾಯಿತು. ಈಗ ನನ್ನ ವರ್ಷದ ದುಡಿಮೆಯಲ್ಲಿ ಮುಕ್ಕಾಲು ಪಾಲು ಈ ಕಾರ್ಡುಗಳಿಂದಲೇ ಬರುತ್ತಿದೆ. ಒಮ್ಮೆ ಕರೆದವರಲ್ಲಿ ಹತ್ತಕ್ಕೆ ಆರೇಳು ಮಂದಿ ಮತ್ತೆ ಕರೆಯುತ್ತಾರೆ. ಪ್ರಶ್ನಾವಳಿ ಹಿಡಿದುಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಹತ್ತಕ್ಕೆ ಇಬ್ಬರು ಕರೆದರೆ ದೊಡ್ಡದು.

ಡಿಸ್ಕ್, ಹದಿನಾರು ಟೈಪು, ಬಿಗ್ ಫೈವ್ ಇವೆಲ್ಲ ಪ್ರಶ್ನಾವಳಿ ಕೊಟ್ಟು ವ್ಯಕ್ತಿತ್ವ ಅಳೆಯುವ ಪದ್ಧತಿಗಳು ಅಂತ ಇದೇ ಕೆಲಸದಲ್ಲಿರುವವರಿಗೆ ಹೇಳಬೇಕಿಲ್ಲ. ನಾನೂ ಅಲ್ಲಿಂದಲೇ ಬಂದವನು. ಆದರೆ ತಲೆಗಿಷ್ಟು ಅಂತ ಕಟ್ಟಬೇಕಾದ ಲೈಸೆನ್ಸ್ ಶುಲ್ಕದಲ್ಲಿ ನನ್ನ ಸಂಭಾವನೆಯ ಹತ್ತಿರ ಹತ್ತಿರ ಅರ್ಧ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚು ಬೇಸರ ತಂದದ್ದು ಇನ್ನೊಂದು. ಮೂರು ತಿಂಗಳು ಬಿಟ್ಟು ಅದೇ ಟೀಮಿಗೆ ಹೋಗಿ "ನಿಮ್ಮ ನಾಲ್ಕು ಅಕ್ಷರ ಯಾವುದು?" (ಹದಿನಾರು ಟೈಪಿನಲ್ಲಿ ಪ್ರತಿ ಟೈಪಿಗೂ ನಾಲ್ಕಕ್ಷರದ ಗುರುತು) ಅಂದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಇಪ್ಪತ್ತು ಜನರಲ್ಲಿ ನಾಲ್ಕೈದು ಮಂದಿಗೆ ನೆನಪಿದ್ದರೆ ಪುಣ್ಯ. ಪ್ರಾಣಿಯನ್ನಾದರೆ ಯಾರೂ ಮರೆಯುವುದಿಲ್ಲ.

ಮೊದಲು ಸಿದ್ಧ ಸೆಟ್ಟುಗಳನ್ನೇ ತಂದೆ. ಸಿಂಹ, ನೀರುನಾಯಿ, ಗೋಲ್ಡನ್ ರಿಟ್ರೀವರ್, ಬೀವರ್ ಅಂತ ಒಂದು. ಹದ್ದು, ಗಿಳಿ, ಪಾರಿವಾಳ, ಗೂಬೆ ಅಂತ ಇನ್ನೊಂದು. ಎರಡೂ ಕನ್ನಡದಲ್ಲಿ ಮಕಾಡೆ ಮಲಗಿದವು. ಬೀವರ್ ಹೊಳೆಗೆ ಮರದ ಕಟ್ಟೆ ಕಟ್ಟುವ ವಿದೇಶಿ ಪ್ರಾಣಿ; ಅದು ಅಳಿಲೋ ಹೆಗ್ಗಣವೋ ಅಂತ ಕೇಳುವವರಿಗೆ ಅದರ ಶಿಸ್ತನ್ನು ಏನಂತ ವಿವರಿಸುವುದು? ಗೂಬೆಯದು ಇನ್ನೂ ಕಷ್ಟ. ಜಾಣ, ಲೆಕ್ಕಾಚಾರದವನು ಅನ್ನುವ ಅರ್ಥದಲ್ಲಿ ಒಬ್ಬರಿಗೆ ಗೂಬೆ ಕೊಟ್ಟೆ. "ನನ್ನ ತಲೆ ಮೇಲೆ ಗೂಬೆ ಕೂರಿಸ್ತಿದೀರಾ?" ಅಂತ ಅವರು ಕೇಳಿದ್ದು ತಮಾಷೆಗಲ್ಲ. ನಮ್ಮ ಭಾಷೆಯಲ್ಲಿ ಪ್ರಾಣಿಗಳು ತೀರ್ಪನ್ನು ಹೊತ್ತುಕೊಂಡೇ ಬರುತ್ತವೆ. ನರಿಬುದ್ಧಿ, ಎಮ್ಮೆ ಚರ್ಮ, ಕಪಿಚೇಷ್ಟೆ, ಬಕಧ್ಯಾನ. ಒಳ್ಳೆಯ ಹೆಸರು ಉಳಿಸಿಕೊಂಡದ್ದು ಸಿಂಹ, ಆನೆ, ಇನ್ನೊಂದೆರಡು ಅಷ್ಟೇ.

ಹಾಗಿದ್ದರೆ ನನ್ನದೇ ಸೆಟ್ ಮಾಡುತ್ತೇನೆ ಅಂತ ಹೊರಟೆ. ಇಪ್ಪತ್ತನಾಲ್ಕು ಪ್ರಾಣಿ. ಚಿತ್ರಗಾರರಿಗೆ ದುಡ್ಡು ಕೊಟ್ಟು ಬಣ್ಣದ ಚಿತ್ರ ಬರೆಸಿದೆ. ಪ್ರತಿ ಕಾರ್ಡಿನ ಹಿಂದೆ ಸ್ವಭಾವದ ಬಗ್ಗೆ ಆರು ಸಾಲು. ದಪ್ಪ ಹಾಳೆ, ಹೊಳೆಯುವ ಲ್ಯಾಮಿನೇಷನ್, ಪೆಟ್ಟಿಗೆ. ಹೆಚ್ಚು ಹೊಡೆಸಿದರೆ ಒಂದೊಂದರ ಬೆಲೆ ಇಳಿಯುತ್ತದೆ ಅನ್ನುವ ಲೆಕ್ಕದಲ್ಲಿ ಐನೂರು ಸೆಟ್ ಒಂದೇ ಸಲ ಹೊಡೆಸಿದೆ. ಎರಡೂವರೆ ತಿಂಗಳ ಸಂಪಾದನೆ ಅದಕ್ಕೆ ಹೋಯಿತು.

ಮೊದಲ ವರ್ಕ್‌ಶಾಪಿನಲ್ಲಿ ಇಪ್ಪತ್ತನಾಲ್ಕು ಜನ. "ನಿಮಗೆ ಹೊಂದುವ ಪ್ರಾಣಿ ಆರಿಸಿಕೊಳ್ಳಿ" ಅಂದೆ. ಹದಿನೈದು ಮಂದಿ ಸಿಂಹ ಎತ್ತಿಕೊಂಡರು. ನಾಲ್ಕೈದು ಆನೆ, ಎರಡು ಹದ್ದು, ಒಂದು ಡಾಲ್ಫಿನ್. ಮೂಲೆಯಲ್ಲಿ ಕೂತಿದ್ದ ಒಬ್ಬರು ಮಾತ್ರ ಆಮೆ ತೆಗೆದುಕೊಂಡರು. ಹದಿನೈದು ಸಿಂಹಗಳು ಕೂತ ಕೋಣೆಯಲ್ಲಿ ಮಾತಾಡಲು ಏನಿರುತ್ತದೆ? ಅರ್ಧ ದಿನ ಹೇಗೋ ತಳ್ಳಿದೆ.

ಮುಂದಿನ ಸಲ ತಿರುಗಿಸಿದೆ. ಬೇರೆಯವರು ಕಾರ್ಡ್ ಕೊಡಬೇಕು, ನೀವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಒಬ್ಬ ಹುಡುಗ ನಗುತ್ತಾ ಎಮ್ಮೆಯ ಕಾರ್ಡನ್ನು ಪಕ್ಕದವರ ಮುಂದೆ ತಳ್ಳಿದ. ಮೈಕಟ್ಟು ದಪ್ಪಗಿದ್ದ, ನಡೆ ನಿಧಾನವಿದ್ದ ಮನುಷ್ಯ ಅವರು. ಎಲ್ಲರೂ ನಕ್ಕರು, ಅವರೂ ನಕ್ಕರು. ವಿರಾಮ ಮುಗಿದ ಮೇಲೆ ಅವರ ಕುರ್ಚಿ ಖಾಲಿ ಇತ್ತು. ಆ ಸಂಸ್ಥೆಯವರು ಎರಡನೇ ಕಂತಿನ ಹಣ ಕೊಡಲಿಲ್ಲ, ನಾನು ಕೇಳಲೂ ಇಲ್ಲ. ಕೋಣೆ ನನ್ನ ಕೈಯಲ್ಲಿತ್ತು, ಆ ಕಾರ್ಡನ್ನು ಬರೆಸಿದವನೂ ನಾನೇ. ಆ ಖಾಲಿ ಕುರ್ಚಿ ಈಗಲೂ ಕಣ್ಣಮುಂದಿದೆ.

ಮೂರನೇ ಪೆಟ್ಟು ನಾನೇ ಕೇಳಿ ಹಾಕಿಸಿಕೊಂಡದ್ದು. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಂ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ "ಇದು ನಿನ್ನ ವ್ಯಕ್ತಿತ್ವ" ಅಂತ ಒಂದೊಂದು ಹಾಳೆ ಕೊಟ್ಟರಲ್ಲ, ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ, ಅದು ತಮಗೆ ಎಷ್ಟು ಹೊಂದುತ್ತದೆ ಅಂತ ಕೇಳಿದಾಗ ಅವರೆಲ್ಲ ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಅದನ್ನು ಎಷ್ಟೋ ಸಲ ಬೇರೆಯವರಿಗೆ ಪಾಠ ಮಾಡಿದ್ದೆ. ನನ್ನ ಕಾರ್ಡುಗಳ ಮೇಲೆ ಪ್ರಯೋಗಿಸಿ ನೋಡಿರಲಿಲ್ಲ. ಆನೆಯ ಕಾರ್ಡಿನ ಆರು ಸಾಲನ್ನು ಪ್ರಾಣಿಯ ಹೆಸರು ತೆಗೆದು ಬರೆದು, ಒಂದು ಬ್ಯಾಚಿನ ಇಪ್ಪತ್ತು ಚಿಲ್ಲರೆ ಜನಕ್ಕೂ ಅದನ್ನೇ ಹಂಚಿದೆ. ನಾಲ್ಕರ ಮೇಲೆಯೇ ಬಂತು ಸರಾಸರಿ. ಒಬ್ಬರಂತೂ ಕಣ್ಣು ಒರೆಸಿಕೊಂಡು, "ಇಷ್ಟು ಚೆನ್ನಾಗಿ ನನ್ನನ್ನ ಯಾರೂ ಅರ್ಥ ಮಾಡಿಕೊಂಡಿರಲಿಲ್ಲ ಸರ್" ಅಂದರು. ಅಲ್ಲೇ ಎಲ್ಲರಿಗೂ ನಿಜ ಹೇಳಿದೆ. ಅಂದು ರಾತ್ರಿ ನಿದ್ದೆ ಬರಲಿಲ್ಲ. ನಾನು ಬರೆಸಿದ್ದು ಪಕ್ಕಾ ರಾಶಿಫಲ. ಉಳಿದಿದ್ದ ನಾನೂರ ಅರವತ್ತು ಸೆಟ್ಟುಗಳನ್ನು ಅಟ್ಟಕ್ಕೆ ಹಾಕಿದೆ. ಲ್ಯಾಮಿನೇಷನ್ ಇದ್ದದ್ದರಿಂದ ರದ್ದಿಗೂ ಹೋಗಲಿಲ್ಲ.

ದಾರಿ ತೋರಿಸಿದ್ದು ಆಕ್ಟೋಪಸ್. ವ್ಯಕ್ತಿತ್ವದ ಪುಸ್ತಕಗಳನ್ನು ಪಕ್ಕಕ್ಕಿಟ್ಟು ಪ್ರಾಣಿಗಳ ನಡವಳಿಕೆಯ ಬಗ್ಗೆ ಓದುತ್ತಿದ್ದೆ. 1993ರಲ್ಲಿ ಜೆನಿಫರ್ ಮ್ಯಾದರ್ ಮತ್ತು ರೋಲಂಡ್ ಆಂಡರ್ಸನ್ ಅನ್ನುವ ಸಂಶೋಧಕರು 44 ಕೆಂಪು ಆಕ್ಟೋಪಸ್‌ಗಳ ಸ್ವಭಾವ ಅಳೆದ ಕೆಲಸ ಸಿಕ್ಕಿತು. ಆಕ್ಟೋಪಸ್ ಕೈಗೆ ಪ್ರಶ್ನಾವಳಿ ಕೊಡಲು ಬರುವುದಿಲ್ಲ. ಅವರು ಮಾಡಿದ್ದು ಮೂರೇ ಕೆಲಸ. ತೊಟ್ಟಿಯ ಮುಚ್ಚಳ ತೆಗೆದು ಇಣುಕುವುದು, ಬ್ರಷ್ಷಿನಿಂದ ಮುಟ್ಟುವುದು, ಒಂದು ಏಡಿ ಹಾಕುವುದು. ಆಗ ಅದು ಏನು ಮಾಡಿತು ಅಂತ ಬರೆದುಕೊಳ್ಳುವುದು. ಅದು ಎಂಥದ್ದು ಅನ್ನುವ ಪ್ರಶ್ನೆಯೇ ಅಲ್ಲಿಲ್ಲ.

ನನ್ನ ಕಾರ್ಡುಗಳೆಲ್ಲ ಅಲ್ಲಿಯವರೆಗೆ ಹೇಳುತ್ತಿದ್ದದ್ದು ಅದೊಂದನ್ನೇ: ನೀನು ಧೈರ್ಯಶಾಲಿ, ನೀನು ಮೃದು ಹೃದಯಿ.

ಮುಚ್ಚಳ, ಬ್ರಷ್, ಏಡಿ ಮೂರನ್ನೂ ಮನುಷ್ಯರ ಕೆಲಸಕ್ಕೆ ತಂದೆ. ಎದುರುನೋಡದ ಸುದ್ದಿ ಬಂದಾಗ. ಯಾರಾದರೂ ನಿಮ್ಮ ತಪ್ಪನ್ನು ಎತ್ತಿ ತೋರಿಸಿದಾಗ. ಎಲ್ಲರಿಗೂ ಬೇಕಾದ ಒಂದೇ ಒಂದು ಅವಕಾಶ ಕಣ್ಣೆದುರು ಬಂದಾಗ. ಒಬ್ಬರಿಗೆ ಮೂರು ಸಂದರ್ಭಕ್ಕೆ ಮೂರು ಕಾರ್ಡ್. ಕಾರ್ಡಿನ ಹಿಂದೆ ಒಂದೂ ಗುಣವಾಚಕ ಇರಕೂಡದು, ಆ ಪ್ರಾಣಿ ನಿಜಕ್ಕೂ ಮಾಡುವ ಕೆಲಸ ಮಾತ್ರ ಇರಬೇಕು. ಇಷ್ಟು ಮಾಡಿದ್ದಕ್ಕೇ ಎಲ್ಲ ಬದಲಾಯಿತು.

ಸಿಂಹದ ಕಾರ್ಡಿನ ಹಿಂದೆ ಈಗ ಇರುವುದು: "ದಿನದಲ್ಲಿ ಇಪ್ಪತ್ತು ಗಂಟೆ ಬಿದ್ದುಕೊಂಡಿರುತ್ತದೆ. ಬೇಟೆಯ ಹೆಚ್ಚಿನ ಕೆಲಸ ಹೆಣ್ಣುಗಳದ್ದು." ಸಿಂಹ ಕೇಳುವವರು ಹದಿನೈದರಿಂದ ಎರಡು ಮೂರಕ್ಕೆ ಇಳಿದರು. ಕತ್ತೆಯದು ನನಗೆ ಹೆಮ್ಮೆಯ ಕಾರ್ಡು: "ಕುದುರೆ ಬೆದರಿದರೆ ಓಡುತ್ತದೆ. ಕತ್ತೆ ಬೆದರಿದರೆ ನಿಲ್ಲುತ್ತದೆ, ನಿಂತು ನೋಡುತ್ತದೆ. ಒಪ್ಪಿಗೆಯಾಗದೆ ಹೆಜ್ಜೆ ಇಡುವುದಿಲ್ಲ." ಇದನ್ನು ಓದಿದವರು ಮೊದಲು ಸುಮ್ಮನಾಗುತ್ತಾರೆ. ಆಮೇಲೆ ಅವರ ಟೀಮಿನಲ್ಲಿ "ಇದು ಸರಿ ಇಲ್ಲ, ಒಂದು ದಿನ ತಡೀರಿ" ಅಂತ ಹೇಳಿ ಬೈಸಿಕೊಂಡವರ ಕಡೆ ತಿರುಗಿ ನೋಡುತ್ತಾರೆ. ಒಂದು ಕಡೆ ಲೆಕ್ಕಪತ್ರ ನೋಡುವ ಮೇಡಂ ಒಬ್ಬರು ತಮಗೆ ಬಂದ ನಾಲ್ಕು ಕತ್ತೆ ಕಾರ್ಡುಗಳನ್ನು ಜೋಡಿಸಿ ಎದೆಗೊತ್ತಿ ಹಿಡಿದು ಕೂತಿದ್ದರು. ಕತ್ತೆ ಅಂತ ಕರೆಸಿಕೊಂಡು ಅಷ್ಟು ಬೆಳಗಿದ ಮುಖವನ್ನು ನಾನು ಬೇರೆಲ್ಲೂ ನೋಡಿಲ್ಲ.

ಇರುವೆಯ ಕಾರ್ಡಿನಲ್ಲೂ ದುಡಿಮೆಯ ಹೊಗಳಿಕೆ ಇಲ್ಲ. ಕೆಲವು ಜಾತಿಯ ಇರುವೆಗಳ ಗೂಡಿನಲ್ಲಿ ಎಷ್ಟೋ ಇರುವೆಗಳು ಏನೂ ಮಾಡದೆ ಇರುತ್ತವೆ, ದುಡಿಯುವವನ್ನು ತೆಗೆದರೆ ಇವು ಎದ್ದು ಆ ಜಾಗ ತುಂಬುತ್ತವೆ ಅನ್ನುವುದನ್ನು ಹಾಕಿದ್ದೇನೆ. ಯಾರೋ ರಜೆ ಹೋದಾಗ ಮಾತ್ರ ಬೆಳಕಿಗೆ ಬರುವವರು ಪ್ರತಿ ಟೀಮಿನಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ.

ಇನ್ನೊಂದು ನಿಯಮ: ಕಾರ್ಡ್ ಕೊಡುವವರು ಯಾವತ್ತು, ಏನು ನಡೆದಾಗ ಅಂತ ಹೇಳಲೇಬೇಕು. ಘಟನೆ ಇಲ್ಲದಿದ್ದರೆ ಕಾರ್ಡ್ ವಾಪಸ್. ಎಮ್ಮೆಯ ದಿನ ಈ ನಿಯಮ ಇದ್ದಿದ್ದರೆ ಆ ಹುಡುಗ ಬಾಯಿ ಮುಚ್ಚಿಕೊಂಡು ಕಾರ್ಡನ್ನು ಒಳಗಿಡುತ್ತಿದ್ದ. ಮತ್ತು ಪಡೆದವರಿಗೆ ಬೇಡವಾದರೆ ಕಾರಣ ಹೇಳದೆ ಮಗುಚಿಡಬಹುದು.

ಒಂದು ಸಂದರ್ಭ ಹೇಳುತ್ತೇನೆ. ಹನ್ನೊಂದು ಜನರ ಟೀಮ್. ಮೊದಲು ಪ್ರತಿಯೊಬ್ಬರೂ ತಮಗೆ ಯಾವ ಪ್ರಾಣಿ ಬರಬಹುದು ಅನ್ನುವ ಊಹೆಯನ್ನು ಚೀಟಿಯಲ್ಲಿ ಬರೆದು ಮಡಚಿಡಬೇಕು. ಮುಖ್ಯಸ್ಥರು ಮೂರೂ ಸಂದರ್ಭಕ್ಕೂ ಆನೆ ಅಂತಲೇ ಬರೆದಿದ್ದರು. ಎರಡನೇ ಸುತ್ತಿನಲ್ಲಿ, ಅಂದರೆ ತಪ್ಪು ತೋರಿಸುವ ಸುತ್ತಿನಲ್ಲಿ, ಅವರ ಮುಂದೆ ಐದು ಮುಳ್ಳುಹಂದಿ ಬಂದವು. ಅವರು ಒಂದನ್ನು ತಿರುಗಿಸಿ ಓದಿದರು: "ತಾನಾಗಿ ದಾಳಿಗೆ ಹೋಗುವುದಿಲ್ಲ. ಹೆದರಿದರೆ ಮೊದಲು ಮುಳ್ಳು ಅಲ್ಲಾಡಿಸಿ ಸದ್ದು ಮಾಡುತ್ತದೆ. ಆಮೇಲೂ ಹತ್ತಿರ ಬಂದರೆ ಬೆನ್ನು ತಿರುಗಿಸಿ ಹಿಂದಕ್ಕೆ ನುಗ್ಗುತ್ತದೆ." ಇನ್ನೊಮ್ಮೆ ಓದಿದರು. ಹೆಬ್ಬೆರಳು ಕಾರ್ಡಿನ ಅಂಚನ್ನು ಸವರುತ್ತಲೇ ಇತ್ತು.

ಟೀಮಿನ ಚಿಕ್ಕ ಹುಡುಗಿ ಘಟನೆ ಹೇಳಿದಳು. "ಸರ್, ಕಳೆದ ತಿಂಗಳು ಲೆಕ್ಕದಲ್ಲಿ ಒಂದು ಸಾಲು ಎರಡು ಸಲ ಬಂದಿದೆ ಅಂತ ಹೇಳೋಕೆ ಬಂದಿದ್ದೆ. ನೀವು ಪೆನ್ನಿನ ಮುಚ್ಚಳ ಟಕಟಕ ಅನ್ನಿಸೋಕೆ ಶುರು ಮಾಡಿದ್ರಿ. ನಾನು ಅರ್ಧಕ್ಕೇ ನಿಲ್ಲಿಸಿ ಹೋದೆ."

ಅವರು ತಡೆದು, "ಇದರಲ್ಲಿ 'ಹೆದರಿದರೆ' ಅಂತ ಇದೆಯಲ್ಲಮ್ಮ" ಅಂದರು. ಆಮೇಲೆ, "ಹೌದು. ಆ ಲೆಕ್ಕ ಅಷ್ಟು ಹೊತ್ತಿಗೆ ಮೇಲಿನವರಿಗೆ ಹೋಗಿಬಿಟ್ಟಿತ್ತು."

ಅವರು ಸಿಟ್ಟಿನವರು ಅಂತ ಎಲ್ಲರೂ ನಂಬಿಕೊಂಡಿದ್ದರು. ಅದು ಹೆದರಿಕೆ ಅಂತ ಹೊರಬಂದದ್ದು ಆ ಕೋಣೆಯಲ್ಲಿ, ಅವರ ಬಾಯಿಂದಲೇ. ನಾಲ್ಕು ತಿಂಗಳು ಬಿಟ್ಟು ಹೋದಾಗ ಅದೇ ಹುಡುಗಿ ಹೇಳಿದಳು, ಈಗ "ಸರ್, ಮುಳ್ಳು" ಅಂದರೆ ಸಾಕಂತೆ, ಅವರು ಪೆನ್ನು ಕೆಳಗಿಡುತ್ತಾರಂತೆ. ಮೂವತ್ತು ಪುಟದ ವರದಿಯಿಂದ ಇಂಥದ್ದೊಂದು ಆಗಿದ್ದನ್ನು ನಾನು ಕಂಡಿಲ್ಲ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಅದೇ ಜನರಿಗೆ ಮೂರು ನಾಲ್ಕು ತಿಂಗಳು ಬಿಟ್ಟು ಮತ್ತೆ ಮಾಡಿಸಿದರೆ, ಒಂದೇ ಸಂದರ್ಭಕ್ಕೆ ಅದೇ ಪ್ರಾಣಿ ಬರುವುದು ಸುಮಾರು ಮೂರರಲ್ಲಿ ಎರಡು ಪಾಲು ಜನಕ್ಕೆ. ಮೂರೂ ಸಂದರ್ಭಕ್ಕೆ ಒಂದೇ ಪ್ರಾಣಿ ಬರುವವರು ಹತ್ತಕ್ಕೊಬ್ಬರೂ ಇಲ್ಲ. ನೀನು ಇಂಥ ಪ್ರಾಣಿ ಅಂತ ಒಂದೇ ಹಣೆಪಟ್ಟಿ ಅಂಟಿಸುವವರು ಇದನ್ನೊಮ್ಮೆ ಮಾಡಿ ನೋಡಬೇಕು. ಆನ್‌ಲೈನ್‌ನಲ್ಲಿ ಮಾಡಲು ಹೋಗಿ ಮೂರು ಸಲ ಸೋತೆ. ಪರದೆಯ ಮೇಲೆ ಒತ್ತುವುದು ಸುಲಭ. ಮೇಜಿನ ಮೇಲೆ ಒಬ್ಬರ ಮುಂದೆ ಕಾರ್ಡ್ ತಳ್ಳುವಾಗ ಕೈ ಒಂದು ಕ್ಷಣ ತಡೆಯುತ್ತದೆ, ಆ ತಡೆಯೇ ಬೇಕು. ಮಕ್ಕಳ ಜೊತೆಯೂ ಮಾಡಿದೆ, ಎಂಟು ಹತ್ತು ವರ್ಷದವರು. ಅವರು ಕಾರ್ಡ್ ಕೊಡಲೇ ಇಲ್ಲ, ತಾವೇ ಪ್ರಾಣಿಗಳಾಗಿ ಮೇಜಿನ ಕೆಳಗೆ ಹೋದರು. ರಷ್ಯದ ವಿಜ್ಞಾನಿ ಪಾವ್ಲೋವ್ ತಮ್ಮ ನಾಯಿಗಳನ್ನು ಗ್ರೀಕರು ಮನುಷ್ಯರ ಸ್ವಭಾವಕ್ಕೆ ಹೇಳುತ್ತಿದ್ದ ಹಳೆಯ ನಾಲ್ಕು ಪ್ರಕೃತಿಗಳಿಗೆ ಹೊಂದಿಸಿ ವಿಂಗಡಿಸಿದ್ದರು ಅಂತ ಓದಿ, ನಮ್ಮ ಮನೆಯ ಎರಡು ನಾಯಿಗಳ ಮೇಲೂ ಮುಚ್ಚಳ, ಬ್ರಷ್, ಏಡಿ ಪರೀಕ್ಷೆ ಮಾಡಿದೆ. ಬಡಕಲು ನಾಯಿ ಹೊಸ ಸದ್ದಿಗೆ ಮೊದಲು ಓಡುತ್ತದೆ, ಆದರೆ ತಿನ್ನಲು ಇಟ್ಟಾಗ ದೊಡ್ಡದನ್ನು ಹತ್ತಿರ ಬಿಡುವುದಿಲ್ಲ. ಅದನ್ನು ಪುಕ್ಕಲು ಅನ್ನಬೇಕೋ ಧೈರ್ಯದ್ದು ಅನ್ನಬೇಕೋ ನೀವೇ ಹೇಳಿ.

ಖರ್ಚಿನ ಲೆಕ್ಕ. ಈಗಿನ ಡೆಕ್ಕಿನಲ್ಲಿ ಹನ್ನೆರಡೇ ಕಾರ್ಡು, ಕಪ್ಪು ಗೆರೆಯ ಚಿತ್ರ, ಸಾದಾ ದಪ್ಪ ಹಾಳೆ, ಮನೆಯ ಪ್ರಿಂಟರ್. ಒಂದು ಮೇಜಿಗೆ ಆರು ಸೆಟ್ ಬೇಕು, ಒಂದೇ ಪ್ರಾಣಿಯನ್ನು ಹಲವರು ಕೊಡುತ್ತಾರಲ್ಲ. ಆರು ಸೆಟ್ಟಿಗೂ ಸೇರಿ ಆಗುವ ಖರ್ಚು ಹಿಂದೆ ಒಬ್ಬರ ತಲೆಗೆ ಕಟ್ಟುತ್ತಿದ್ದ ಲೈಸೆನ್ಸಿಗಿಂತ ಕಡಿಮೆ. ಅಂಚು ಸವೆದರೆ ಬಿಸಾಕಿ ಹೊಸದು ತೆಗೆಯುತ್ತೇನೆ. ಸಾಲು ತಿದ್ದಬೇಕೆನಿಸಿದರೆ ಅದೇ ರಾತ್ರಿ ತಿದ್ದುತ್ತೇನೆ. ಕತ್ತೆಯ ಮೂರು ಸಾಲು ಈ ರೂಪಕ್ಕೆ ಬರಲು ಒಂಬತ್ತು ಹತ್ತು ಸಲ ತಿದ್ದಿರಬೇಕು. ಒಂದು ಮೇಜಿಗೆ ಹದಿನಾಲ್ಕಕ್ಕಿಂತ ಹೆಚ್ಚು ಜನ ಕೂರಿಸಬೇಡಿ, ಘಟನೆ ಹೇಳುವಷ್ಟು ಹೊತ್ತು ಸಿಗುವುದಿಲ್ಲ.

ಮುಖ್ಯಸ್ಥರನ್ನು ಯಾವ ಸುತ್ತಿನಲ್ಲಿ ಒಳಗೆ ಕರೆಯಬೇಕು ಅನ್ನುವುದರಲ್ಲಿ ಒಂದು ಲೆಕ್ಕವಿದೆ. ಹನ್ನೆರಡನೇ ಕಾರ್ಡಿನಲ್ಲಿ ಯಾವ ಪ್ರಾಣಿ ಇದೆ, ಅದು ಯಾಕೆ ಕೊನೆಗೇ ಬರುತ್ತದೆ ಅನ್ನುವುದೂ ಇದೆ. ಅವೆರಡನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅವಿಲ್ಲದೆಯೂ ನಿಮಗೆ ಮುಕ್ಕಾಲು ಪಾಲು ಫಲ ಸಿಗುತ್ತದೆ.

ಈ ಕಾರ್ಡುಗಳನ್ನು ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಯಾರನ್ನು ತೆಗೆಯಬೇಕು ಅನ್ನುವುದಕ್ಕೆ ಬಳಸಬೇಡಿ. ಒಂದು ಸಂಸ್ಥೆ ಅದಕ್ಕೇ ಕರೆದಿತ್ತು, ನಾಲ್ಕು ತಿಂಗಳ ಕೆಲಸಕ್ಕೆ ಸಮನಾದ ಮೊತ್ತ. ಆಗುವುದಿಲ್ಲ ಅಂದೆ. ಕಾರ್ಡ್ ನೌಕರಿಗೆ ಕುತ್ತು ತರುತ್ತದೆ ಅಂತ ಒಬ್ಬರಿಗೆ ಗೊತ್ತಾದರೂ ಸಾಕು, ಮರುದಿನದಿಂದ ಎಲ್ಲ ಮೇಜಿನ ಮೇಲೂ ಮತ್ತೆ ಸಿಂಹಗಳೇ.

ಹೋದ ತಿಂಗಳು ನನಗೆ ಕೆಲಸ ಕಲಿಸಿದವರು ಫೋನ್ ಮಾಡಿದ್ದರು. ಆರು ವರ್ಷದ ಹಿಂದಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. "ಒಂದು ಟೀಮಿಗೆ ಬೇಕಿತ್ತಯ್ಯಾ, ಆ ಕತ್ತೆ ಇರೋ ಸೆಟ್ಟು" ಅಂದರು. ಅಂದೇ ಆರು ಸೆಟ್ ಕಳಿಸಿದೆ, ಹನ್ನೊಂದು ಹನ್ನೊಂದು ಕಾರ್ಡಿನವು.