ಬಂದೂಕು ಕೊನೆಗೆ: ಏರ್‌ಸಾಫ್ಟ್ ಹೊಸಬರಿಗೆ ಸರಂಜಾಮು ಕೂಡಿಸಿದ ನನ್ನ ಅನುಭವ

ಕಳೆದ ಒಂದೂವರೆ ವರ್ಷದಲ್ಲಿ ನಾನು ಮೂವರು ಹೊಸಬರಿಗೆ ಏರ್‌ಸಾಫ್ಟ್ (ಪುಟ್ಟ ಪ್ಲಾಸ್ಟಿಕ್ ಗುಂಡು ಹಾರಿಸುವ ನಕಲಿ ಬಂದೂಕು ಹಿಡಿದು ಆಡುವ ಕಾಳಗದ ಆಟ) ಸರಂಜಾಮು ಕೂಡಿಸಿಕೊಟ್ಟಿದ್ದೇನೆ. ಮೂವರೂ ಇಂದಿಗೂ ಆಡುತ್ತಿದ್ದಾರೆ, ಮೊದಲು ಕೊಂಡ ಬಂದೂಕನ್ನೇ ಹಿಡಿದು ಆಡುತ್ತಿದ್ದಾರೆ, ಕೊಂಡ ಒಂದು ವಸ್ತುವನ್ನೂ ಅರ್ಧ ಬೆಲೆಗೆ ಮಾರುವ ಪ್ರಸಂಗ ಯಾರಿಗೂ ಬಂದಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸುತ್ತಲಿನ ಮೈದಾನಗಳಲ್ಲಿ ವರ್ಷಗಟ್ಟಲೆ ಆಡಿರುವ ಹಳಬರಿಗೆ, ಮೊದಲು ಬಾಡಿಗೆ ಬಂದೂಕಿನಲ್ಲಿ ಆಡಿಸಿ ಸ್ವಂತದ್ದನ್ನು ಕೊನೆಗೆ ಕೊಡಿಸುವ ನನ್ನ ಕ್ರಮವನ್ನು ಮೊದಲು ಹೇಳಿದಾಗ ಒಬ್ಬರೂ ಒಪ್ಪಿರಲಿಲ್ಲ. ನಮ್ಮ ಜೊತೆ ಆಡುವ ಹುಬ್ಬಳ್ಳಿಯ ಗೆಳೆಯರೊಬ್ಬರಂತೂ, ಬಾಡಿಗೆ ಬಂದೂಕಿಗೆ ಹಣ ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ, ಮೊದಲು ಒಳ್ಳೆಯ ಬಂದೂಕು ಕೊಡಿಸಿ, ಉಳಿದದ್ದು ತಾನಾಗಿ ಬರುತ್ತದೆ ಎಂದಿದ್ದರು. ನನ್ನ ಕ್ರಮ ಅದಕ್ಕೆ ತೀರ ವಿರುದ್ಧ: ಮೊದಲು ಕಣ್ಣು, ಆಮೇಲೆ ಹಲ್ಲು ಮತ್ತು ಕಾಲು, ಆಮೇಲೆ ಬ್ಯಾಟರಿ ಮತ್ತು ಚಾರ್ಜರ್, ಎಲ್ಲಕ್ಕಿಂತ ಕೊನೆಗೆ ಬಂದೂಕು.

ಈ ಕ್ರಮ ನನಗೆ ಹೊಳೆದದ್ದು ನನ್ನದೇ ನಷ್ಟದಿಂದ. ನಾನು ಆಟಕ್ಕೆ ಇಳಿದ ವರ್ಷ ಆಟಗಾರನ ನೋಂದಣಿಗೆ ಬೇಕಾದ ಮೂರನೆಯ ಆಟದವರೆಗೆ ಕಾಯುವ ತಾಳ್ಮೆ ಇರಲಿಲ್ಲ. ನೋಂದಣಿ ಇಲ್ಲದವರು ಕೊಳ್ಳಬಹುದಾದ, ಅರ್ಧಕ್ಕಿಂತ ಹೆಚ್ಚು ಭಾಗ ಕಣ್ಣು ಕುಕ್ಕುವ ಹಸಿರು ಬಣ್ಣದ ಎರಡು ಬಣ್ಣದ ಬಂದೂಕನ್ನು ಸುಮಾರು 190 ಪೌಂಡ್ ಕೊಟ್ಟು ತಂದೆ. ನೋಂದಣಿ ಸಿಕ್ಕಿದ ಮೇಲೆ ಅದನ್ನು ಮಾರಲು ಹೊರಟಾಗ ಸಿಕ್ಕಿದ್ದು 80 ಪೌಂಡ್. ಅಷ್ಟರೊಳಗೆ ಅದಕ್ಕೆ 11.1 ವೋಲ್ಟಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಹಾಕಿ ಓಡಿಸಿದ್ದರಿಂದ ಪಿಸ್ಟನ್ನಿನ ಹಲ್ಲುಗಳು ಉದುರಿ, ಟ್ರಿಗರ್ ಕಾಂಟ್ಯಾಕ್ಟುಗಳು ಸುಟ್ಟು, ರಿಪೇರಿಗೆ ಮತ್ತೆ 70 ಪೌಂಡ್ ಹಾಗೂ ಮೂರು ವಾರ ಹೋಗಿತ್ತು. ಇನ್ನು ಗಾಗಲ್ ವಿಷಯದಲ್ಲಿ ಅಗ್ಗದ್ದನ್ನೇ ಮೂರು ಬಾರಿ ಕೊಂಡೆ, ಮೂರೂ ಮಂಜುಗಟ್ಟಿದವು. ಆ ಮೊದಲ ವರ್ಷ ಕೈಬಿಟ್ಟ ಹಣ ಸಾವಿರ ಪೌಂಡಿಗೆ ಹತ್ತಿರ ಇದ್ದಿರಬೇಕು. ಅದರಲ್ಲಿ ಈಗಲೂ ನನ್ನ ಬಳಿ ಉಳಿದಿರುವುದು ಒಂದು ಜೊತೆ ಬೂಟು ಮಾತ್ರ.

ಅಕ್ಕನ ಮಗ ಎಂ.ಎಸ್ಸಿ. ಓದಲು ಇಲ್ಲಿಗೆ ಬಂದು, "ಮಾಮ, ನಾನೂ ಬರುತ್ತೇನೆ" ಎಂದಾಗ ನನ್ನ ದಾರಿಯಲ್ಲಿ ಅವನನ್ನು ನಡೆಸಬಾರದೆಂದು ನಿರ್ಧರಿಸಿದೆ. ಶಿವಮೊಗ್ಗದಿಂದ ಅಕ್ಕ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಏನಾದರೂ ಆಡಿಸು, ಹುಡುಗನ ಕಣ್ಣಿಗೆ ಏನೂ ಆಗಬಾರದು ನೋಡಪ್ಪಾ." ಆದ್ದರಿಂದ ಅವನಿಗೆ ಕೊಡಿಸಿದ ಮೊದಲ ವಸ್ತು ಗಾಗಲ್, ಅದೂ ಮೊದಲ ಆಟಕ್ಕಿಂತ ಎರಡು ವಾರ ಮುಂಚೆ.

ಗಾಗಲ್ ಆರಿಸುವಾಗ ಅಂಗಡಿಯವರ ಮಾತಿಗಿಂತ ಗಾಜಿನ ಅಂಚಿನಲ್ಲಿ ಒತ್ತಿರುವ ಅಕ್ಷರವನ್ನೇ ನಾನು ನಂಬುತ್ತೇನೆ. ಕಣ್ಣಿನ ರಕ್ಷಣೆಗೆ ಯುರೋಪಿನಲ್ಲಿ ಮಾಡಿದ ಇಎನ್ 166 ಮಾನದಂಡದಲ್ಲಿ 0.86 ಗ್ರಾಮಿನ ಉಕ್ಕಿನ ಗುಂಡನ್ನು 'ಎಫ್' ಗುರುತಿನ ಗಾಜಿಗೆ ಸೆಕೆಂಡಿಗೆ 45 ಮೀಟರ್ ವೇಗದಲ್ಲಿಯೂ, 'ಬಿ' ಗುರುತಿನ ಗಾಜಿಗೆ 120 ಮೀಟರ್ ವೇಗದಲ್ಲಿಯೂ ಹೊಡೆದು ಪರೀಕ್ಷಿಸಿರುತ್ತಾರೆ. ಲೆಕ್ಕ ಹಾಕಿದರೆ 'ಎಫ್' ಪರೀಕ್ಷೆಯ ಪೆಟ್ಟು ಸುಮಾರು 0.87 ಜೌಲ್, 'ಬಿ' ಪರೀಕ್ಷೆಯದು 6 ಜೌಲಿಗಿಂತ ಹೆಚ್ಚು. ನಮ್ಮ ಮೈದಾನಗಳಲ್ಲಿ 0.20 ಗ್ರಾಮಿನ ಬಿಬಿಗೆ (ಬಂದೂಕಿನ ಪುಟ್ಟ ಪ್ಲಾಸ್ಟಿಕ್ ಗುಂಡಿಗೆ) 350 ಎಫ್‌ಪಿಎಸ್ (ಸೆಕೆಂಡಿಗೆ ಅಡಿ) ಮಿತಿ, ಅಂದರೆ ಸುಮಾರು 1.14 ಜೌಲ್. ಹೀಗಾಗಿ 'ಎಫ್' ಗುರುತು ಪಡೆದ ಚೆಂದದ ಕನ್ನಡಕ ತಾನು ಪಾಸಾದ ಪರೀಕ್ಷೆಗಿಂತ ಜೋರಾದ ಪೆಟ್ಟನ್ನು ಹತ್ತಿರದಿಂದ ತಿನ್ನಬೇಕಾದೀತು. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ ದಿನ ಹುಬ್ಬಳ್ಳಿಯ ಗೆಳೆಯರು ತಮ್ಮ ಹಳೆಯ ಕನ್ನಡಕವನ್ನು ಬದಲಾಯಿಸಿದರು. ಜಾಲರಿ ಗಾಗಲ್ ಮಂಜುಗಟ್ಟುವುದಿಲ್ಲ ಎನ್ನುವುದು ನಿಜವೇ ಆದರೂ ಕಳಪೆ ಬಿಬಿ ಒಡೆದಾಗ ಅದರ ಚೂರು ಜಾಲರಿಯೊಳಗೆ ನುಸುಳಬಲ್ಲದು. ಹೊಸಬನಿಗೆ ನಾನು ಅದನ್ನು ಹೇಳುವುದೇ ಇಲ್ಲ.

ಅಳಿಯ ದೃಷ್ಟಿದೋಷಕ್ಕೆ ಕನ್ನಡಕ ಹಾಕುವವನಾದ್ದರಿಂದ ಅದರ ಮೇಲೆ ಕೂರುವ, ಎರಡು ಪದರದ ಥರ್ಮಲ್ ಗಾಜಿನ 'ಬಿ' ಗುರುತಿನ ಗಾಗಲ್ ಬೇಕಾಯಿತು. ಸುಮಾರು 45 ಪೌಂಡ್ ಆಯಿತು. ಅದನ್ನು ಪರೀಕ್ಷಿಸಲು ನಾನು ಕಂಡುಕೊಂಡ ವಿಧಾನ ಬಹಳ ಸರಳ. ಗಾಗಲ್ ಹಾಕಿಕೊಂಡು ಮನೆಯ ಮೆಟ್ಟಿಲನ್ನು ಇಪ್ಪತ್ತು ಬಾರಿ ಹತ್ತಿ ಇಳಿದು, ಬೆವರು ಬಂದ ಮೇಲೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ಆವಿಯ ಪಕ್ಕದಲ್ಲಿ ಎರಡು ನಿಮಿಷ ನಿಲ್ಲಬೇಕು. ಅಲ್ಲಿ ಗೋಡೆಯ ಕ್ಯಾಲೆಂಡರಿನ ಅಂಕಿ ಕಂಡರೆ ನವೆಂಬರಿನ ಕಾಡಿನಲ್ಲಿಯೂ ಕಣ್ಣು ಕಾಣುತ್ತದೆ. ಮೊದಲ ಗಾಗಲ್ ಇದರಲ್ಲಿ ಸೋತಿತು, ಆಟದಲ್ಲಿ ಬಳಸದೆ ಇದ್ದುದರಿಂದ ಹಿಂದಿರುಗಿಸಲು ಸಾಧ್ಯವಾಯಿತು, ಎರಡನೆಯದು ಗೆದ್ದಿತು. ಇದರ ಜೊತೆಗೆ ಪಾತ್ರೆ ತೊಳೆಯುವ ಸೋಪಿನ ದ್ರವ, ಶೇವಿಂಗ್ ಫೋಮ್, ಅಂಗಡಿಯ ಮಂಜುನಿವಾರಕ ದ್ರವ ಮೂರನ್ನೂ ಅವನ ದೃಷ್ಟಿ ಕನ್ನಡಕಕ್ಕೆ ಹಚ್ಚಿ ನೋಡಿದೆ. ಸೋಪು ಊಟದ ವಿರಾಮದವರೆಗೆ ತಡೆಯಿತು, ಫೋಮ್ ಅದಕ್ಕಿಂತ ಸ್ವಲ್ಪ ಮೇಲು, ಅಂಗಡಿಯ ದ್ರವ ಇಡೀ ದಿನ ಬಂದಿತು. 6 ಪೌಂಡಿನ ಆ ಸೀಸೆ ವರ್ಷವಾದರೂ ಮುಗಿದಿಲ್ಲ.

ಹಲ್ಲಿಗೆ ಜಾಲರಿಯ ಕೆಳಮುಖವಾಡ 12 ಪೌಂಡ್, ಕಾಲಿಗೆ ಸೇನೆಯ ಹಳೆಯ ದಾಸ್ತಾನು ಮಾರುವ ಅಂಗಡಿಯಿಂದ ಕಣಕಾಲು ಮುಚ್ಚುವ ಬೂಟು 35 ಪೌಂಡ್. ಉಡುಪಿಗೆ ನಾನು ಒಂದು ಪೌಂಡನ್ನೂ ಖರ್ಚು ಮಾಡಿಸಲಿಲ್ಲ. ಕಂದು ಬಣ್ಣದ ಹಳೆಯ ಪ್ಯಾಂಟು, ದಪ್ಪನೆಯ ಕಡುಬಣ್ಣದ ಅಂಗಿ ಸಾಕಾಯಿತು.

ಇನ್ನು ಬಾಡಿಗೆಯ ವಿಚಾರ. 2006ರ ಹಿಂಸಾಪರಾಧ ನಿಯಂತ್ರಣ ಕಾಯ್ದೆಯ ನಂತರ ಇಲ್ಲಿ ನೈಜ ರೂಪದ ಬಂದೂಕು ಕೊಳ್ಳಬೇಕಾದರೆ ಆಟಗಾರನೆಂಬ ಪುರಾವೆ ಬೇಕು. ಏರ್‌ಸಾಫ್ಟ್ ಅಂಗಡಿಗಳ ಸಂಘವಾದ ಯುಕಾರಾದಲ್ಲಿ ಆಟಗಾರನ ನೋಂದಣಿಗೆ ಕನಿಷ್ಠ 56 ದಿನಗಳ ಅವಧಿಯಲ್ಲಿ ಮೂರು ಆಟ ಆಡಿರಬೇಕೆಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಹೆಚ್ಚಿನವರು ಇದನ್ನು ಅಡ್ಡಿಯೆಂದು ತಿಳಿದು, ನಾನು ಮಾಡಿದಂತೆ ಎರಡು ಬಣ್ಣದ ಬಂದೂಕು ಕೊಂಡು ದಾಟಲು ನೋಡುತ್ತಾರೆ. ಕೆಲವರು ಅದಕ್ಕೆ ಕಪ್ಪು ಬಣ್ಣ ಬಳಿಯುವ ಯೋಚನೆಯನ್ನೂ ಮಾಡುತ್ತಾರೆ. ಆಟಗಾರನೆಂಬ ಪುರಾವೆ ಇಲ್ಲದೆ ಹಾಗೆ ಬಳಿದು ನೈಜ ರೂಪ ಕೊಡುವುದೂ ಅದೇ ಕಾಯ್ದೆಯಡಿ ಅಪರಾಧ. ನಾನು ಆ 56 ದಿನಗಳನ್ನು ಪರೀಕ್ಷೆಯ ಕಾಲವಾಗಿ ಬಳಸಿದೆ. ಬಾಡಿಗೆಯ ದಿನಕ್ಕೆ ಸುಮಾರು 52 ಪೌಂಡ್ ಎಂದರೆ ದುಬಾರಿಯಾಗಿ ಕಾಣುತ್ತದೆ, ಆದರೆ ಸ್ವಂತ ಬಂದೂಕು ಇದ್ದರೂ ಪ್ರವೇಶಕ್ಕೆ 30 ಪೌಂಡ್ ಕೊಡಲೇಬೇಕು. ನಿಜವಾದ ಹೆಚ್ಚುವರಿ 22 ಪೌಂಡ್, ಮೂರು ದಿನಕ್ಕೆ 66. ಎರಡು ಬಣ್ಣದ ಬಂದೂಕನ್ನು ಮಾರಿದಾಗ ನಾನು ಕಳೆದುಕೊಂಡದ್ದು ಇದಕ್ಕಿಂತ ಬಹಳ ಹೆಚ್ಚು.

ಆ ಮೂರು ದಿನ ಅಳಿಯನಿಗೆ ಬೇರೆ ಬೇರೆ ಬಂದೂಕು ಕೊಡುವಂತೆ ಮೈದಾನದವರನ್ನು ಕೇಳಿಕೊಂಡೆ. ಎಲ್ಲ ಹೊಸಬರಂತೆ ಅವನೂ ಬೋಲ್ಟ್ ಎಳೆಯುವ ಸ್ನೈಪರ್ ಬಂದೂಕೇ ಬೇಕೆಂದು ಬಂದವನು. ಎರಡನೆಯ ಆಟದಲ್ಲಿ ಗೆಳೆಯರೊಬ್ಬರು ತಮ್ಮದನ್ನು ಒಂದು ಸುತ್ತಿಗೆ ಅವನ ಕೈಗೆ ಕೊಟ್ಟರು. ನಮ್ಮಲ್ಲಿ ಅದಕ್ಕೆ 30 ಮೀಟರ್ ಕನಿಷ್ಠ ದೂರದ ನಿಯಮವಿದೆ. ಎದುರಾಳಿಗಳು ಪೊದೆಯಿಂದ ಹತ್ತು ಮೀಟರಿನಲ್ಲಿ ಎದ್ದಾಗ ಅವನು ಹೊಡೆಯುವಂತಿಲ್ಲದೆ ನಿಂತ. ಆ ಸುತ್ತು ಮುಗಿದ ಮೇಲೆ ಸ್ನೈಪರ್ ಮಾತು ಅವನ ಬಾಯಲ್ಲಿ ಬಂದಿಲ್ಲ. ಅಲ್ಲಿ ಉಳಿದದ್ದು 250 ಪೌಂಡಿಗೆ ಕಡಿಮೆಯಿಲ್ಲ. ಇನ್ನೊಂದು ಸಂಗತಿ ತಿಳಿದದ್ದು, ಗಾಗಲ್ ಮತ್ತು ಮುಖವಾಡ ಹಾಕಿದಾಗ ಅವನ ಕೆನ್ನೆ ಬಂದೂಕಿನ ಹಿಂಬದಿಗೆ ತಾಗದೆ ಗುರಿಯ ಕಿಂಡಿ ಕಣ್ಣಿನ ಮಟ್ಟಕ್ಕೆ ಬರುವುದೇ ಇಲ್ಲ ಎನ್ನುವುದು. ಮೊದಲೇ ಬಂದೂಕು ಕೊಂಡಿದ್ದರೆ ಇದು ಗೊತ್ತಾಗುತ್ತಿದ್ದುದು ಹಣ ಕೊಟ್ಟ ಮೇಲೆ. ಈಗ ಕೆಂಪು ಚುಕ್ಕೆಯಿಂದ ಗುರಿ ತೋರಿಸುವ ರೆಡ್ ಡಾಟ್ ಸಾಧನವನ್ನು ಎತ್ತರಿಸುವ 10 ಪೌಂಡಿನ ಚಿಕ್ಕ ಮೌಂಟನ್ನು ಪಟ್ಟಿಗೆ ಮೊದಲೇ ಸೇರಿಸಿಕೊಂಡೆವು.

ಬ್ಯಾಟರಿಯಲ್ಲಿ ಈಗ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಹೊಸಬನಿಗೆ 7.4 ವೋಲ್ಟಿನ ಲಿಪೊ ಎರಡು, ಸೆಲ್‌ಗಳನ್ನು ಸಮತೋಲನದಲ್ಲಿ ಚಾರ್ಜ್ ಮಾಡುವ ಚಾರ್ಜರ್, ಬೆಂಕಿ ತಡೆಯುವ ಚೀಲ, ಎಲ್ಲ ಸೇರಿ 60 ಪೌಂಡ್. ಇದನ್ನು ಬಂದೂಕಿಗಿಂತ ಮೊದಲೇ ಕೊಡಿಸಿ, ಒಂದು ತಿಂಗಳು ಮನೆಯಲ್ಲಿ ಚಾರ್ಜ್ ಮಾಡುವ, ಸೆಲ್ಲಿಗೆ 3.8 ವೋಲ್ಟಿಗೆ ಇಳಿಸಿ ಎತ್ತಿಡುವ ಅಭ್ಯಾಸ ಮಾಡಿಸಿದೆ. ಇದನ್ನು ಕಂಡು ಹಳಬರು ನಕ್ಕದ್ದುಂಟು. ಆದರೆ ಅದೇ ಚಳಿಗಾಲದಲ್ಲಿ ಹಳಬರಲ್ಲೇ ಇಬ್ಬರ ಬ್ಯಾಟರಿಗಳು ಬಂದೂಕಿನೊಳಗೇ ಮರೆತುಹೋಗಿ ಊದಿಕೊಂಡವು, ಹುಡುಗನ ಎರಡೂ ಬ್ಯಾಟರಿಗಳು ಇನ್ನೂ ಹೊಸದರಂತಿವೆ. ಬ್ಯಾಟರಿಯನ್ನು ಬಂದೂಕಿಗೆ ಜೋಡಿಸುವ ಜಾಕ್ ವಿಷಯದಲ್ಲಿ ಮೊದಲ ದಿನವೇ ಎಲ್ಲವನ್ನೂ ಡೀನ್ಸ್ ಎಂಬ ಒಂದೇ ಬಗೆಗೆ ಒಗ್ಗಿಸಿಕೊಂಡರೆ ಮುಂದೆ ಬೆಸುಗೆಯ ಕೆಲಸ ತಪ್ಪುತ್ತದೆ.

ಮೂರನೆಯ ಆಟ ಮುಗಿದು ನೋಂದಣಿ ಬಂದ ವಾರ ಬಂದೂಕು ಕೊಂಡೆವು: ಸ್ಪೆಕ್ನಾ ಆರ್ಮ್ಸ್ ಕೋರ್ ಸರಣಿಯ, ಅಮೆರಿಕದ ಸೇನೆಯ ಎಂ4 ಬಂದೂಕಿನ ಮಾದರಿ, ಸುಮಾರು 165 ಪೌಂಡ್. ಅದರ ಒಳಗಿನ ಸ್ಪ್ರಿಂಗನ್ನು ಗೇರ್‌ಬಾಕ್ಸ್ ಬಿಚ್ಚದೆ ಬದಲಾಯಿಸಬಹುದು, ಟ್ರಿಗರ್ ಕಾಂಟ್ಯಾಕ್ಟು ಸುಡದಂತೆ ಕಾಯುವ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು ಒಳಗೊಂಡೇ ಬಂದದ್ದು, ಎಂ4 ಆದ್ದರಿಂದ ಬಿಬಿ ತುಂಬುವ ಮ್ಯಾಗಜೀನು ಯಾರ ಬಳಿಯಾದರೂ ಸಾಲ ಸಿಗುತ್ತದೆ. ಎರಡನೆಯ ಹೊಸಬರಾದ, ಮೈಸೂರಿನವರಾದ ನನ್ನ ಸಹೋದ್ಯೋಗಿಗೆ ಜಿ ಅಂಡ್ ಜಿ ಕಂಪನಿಯ ಕಾಂಬ್ಯಾಟ್ ಮಷೀನ್ ಬಂದೂಕು ಕೊಡಿಸಿದೆ. ಅದೂ ಚೆನ್ನಾಗಿಯೇ ನಡೆದಿದೆ. ಈ ಬೆಲೆಯಲ್ಲಿ ಇವೆರಡರ ನಡುವೆ ಜಗಳವಾಡುವುದರಲ್ಲಿ ಅರ್ಥವಿಲ್ಲ. ಮೊದಲ ಆಟಕ್ಕೆ ಮುನ್ನ, ಬಿಬಿಯನ್ನು ಹಿಮ್ಮುಖವಾಗಿ ತಿರುಗಿಸಿ ದೂರ ಕಳುಹಿಸುವ ಹಾಪ್-ಅಪ್ ರಬ್ಬರಿಗೆ ನಾನು ಹತ್ತು ನಿಮಿಷದ ಒಂದು ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನನ್ನ ಹೊಸಬರು ಹಳಬರಿಗಿಂತ ನಾಲ್ಕೈದು ಮೀಟರ್ ದೂರ ಹೊಡೆಯುವುದು ಅದರಿಂದಲೇ ಎಂದು ನಾನು ನಂಬಿದ್ದೇನೆ. ಅಂಗಡಿಗಳು ಹಿಂದಿರುಗಿ ಬಂದ ಬಂದೂಕುಗಳ ಬೆಲೆ ಇಳಿಸುವ ವಾರ ಯಾವುದು ಎನ್ನುವುದನ್ನೂ ನಾಲ್ಕನೆಯ ಹೊಸಬರು ಸಿಗುವವರೆಗೆ ನನ್ನಲ್ಲೇ ಇಟ್ಟುಕೊಂಡಿರುತ್ತೇನೆ.

ಬಂದೂಕಿನ ಜೊತೆಗೆ 15 ಪೌಂಡಿನ ಮುಚ್ಚಿದ ಚೀಲವನ್ನೂ ಅದೇ ದಿನ ಕೊಡಿಸಿದೆ. ಸಾರ್ವಜನಿಕ ಸ್ಥಳದಲ್ಲಿ ಸಕಾರಣವಿಲ್ಲದೆ ನಕಲಿ ಬಂದೂಕು ಹಿಡಿದಿರುವುದು ಇಲ್ಲಿ ಅಪರಾಧ, ಅಲ್ಲದೆ ದಾರಿಹೋಕರಿಗೆ ಅದು ನಕಲಿ ಎಂದು ತಿಳಿಯುವುದಿಲ್ಲ. ಮನೆಯಿಂದ ಕಾರಿನ ಡಿಕ್ಕಿಗೆ, ಡಿಕ್ಕಿಯಿಂದ ಮೈದಾನಕ್ಕೆ ಎಂಬುದು ನಮ್ಮ ಮನೆಯ ನಿಯಮ.

ಬಿಬಿಯ ಬಗ್ಗೆ ನಾನು ಒಂದು ಇಡೀ ಶನಿವಾರ ಕಳೆದೆ. ಚಿನ್ನ ತೂಗುವ ಬಗೆಯ, ಮಿಲಿಗ್ರಾಮ್ ತೋರಿಸುವ ತಕ್ಕಡಿಯೊಂದನ್ನು 15 ಪೌಂಡಿಗೆ ತರಿಸಿ, ನಾಲ್ಕು ಬೇರೆ ಬೇರೆ ಚೀಲದ 0.25 ಗ್ರಾಮಿನ ಬಿಬಿಗಳನ್ನು ತಲಾ ಐವತ್ತರಂತೆ ತೂಗಿದೆವು. ಅತಿ ಅಗ್ಗದ ಚೀಲದಲ್ಲಿ 0.23ರಿಂದ 0.27ರವರೆಗೆ ಸಿಕ್ಕಿತು, ದುಬಾರಿ ಚೀಲದಲ್ಲಿ ವ್ಯತ್ಯಾಸ ಎರಡು ಮೂರು ಮಿಲಿಗ್ರಾಮ್. ಮುಂದಿನ ವಾರ ಮೈದಾನದ ಗುರಿ ಅಭ್ಯಾಸದ ಜಾಗದಲ್ಲಿ, 40 ಮೀಟರ್ ದೂರದಲ್ಲಿ ಹಳೆಯ ಹಾಸಿಗೆ ಹೊದಿಕೆಯನ್ನು ನಾಲ್ಕಾಗಿ ಮಡಚಿ ಕಟ್ಟಿ ಪ್ರತಿ ತೂಕದ ಬಿಬಿಯಲ್ಲೂ ಇಪ್ಪತ್ತು ಹೊಡೆಸಿದೆ. ಗಾಳಿ ಸಾಧಾರಣವಾಗಿತ್ತು. 0.20ರಲ್ಲಿ ಆರೋ ಏಳೋ ತಾಗಿದವು, 0.25ರಲ್ಲಿ ಹನ್ನೆರಡು, 0.28ರಲ್ಲಿ ಹದಿನೈದರ ಹತ್ತಿರ. ಅದೇ ಶಕ್ತಿಗೆ 0.28ರ ವೇಗ 300 ಎಫ್‌ಪಿಎಸ್‌ಗಿಂತ ಕಡಿಮೆಯಾಗುತ್ತದೆ ಎಂದು ಹೆದರುವವರು ಈ ಹೊದಿಕೆಯನ್ನು ಬಂದು ನೋಡಬಹುದು, ಗುರುತುಗಳು ಇನ್ನೂ ಇವೆ. ಕಾಡಿನ ಮೈದಾನವಾದ್ದರಿಂದ ಕೊಳೆಯುವ ಬಿಬಿಯನ್ನೇ ಬಳಸಬೇಕು, 0.28ರ ಒಂದು ಕಿಲೋ ಚೀಲದಲ್ಲಿ 3,500ಕ್ಕಿಂತ ಸ್ವಲ್ಪ ಹೆಚ್ಚು ಬರುತ್ತವೆ, 14 ಪೌಂಡಿನ ಆ ಚೀಲ ಹುಡುಗನಿಗೆ ಎರಡು ಆಟಕ್ಕೆ ಬಂದಿತು.

ಗ್ಯಾಸ್ ಪಿಸ್ತೂಲನ್ನು ಹೊಸಬರ ಪಟ್ಟಿಯಿಂದ ತೆಗೆದುಹಾಕಿದ್ದೇನೆ. ನನ್ನ 110 ಪೌಂಡಿನ ಪಿಸ್ತೂಲು ಡಿಸೆಂಬರಿನ ನಾಲ್ಕು ಡಿಗ್ರಿ ಚಳಿಯಲ್ಲಿ ಒಂದು ಮ್ಯಾಗಜೀನಿನ ಅರ್ಧಕ್ಕೇ ಉಸಿರು ಬಿಡುತ್ತಿತ್ತು. ಮ್ಯಾಗಜೀನನ್ನು ಸ್ವೆಟರಿನ ಒಳಜೇಬಿನಲ್ಲಿ ಮೈಶಾಖಕ್ಕೆ ಇಟ್ಟುಕೊಂಡು ನೋಡಿದಾಗ ಇನ್ನೂ ಎಂಟು ಹತ್ತು ಹೊಡೆತ ಹೆಚ್ಚು ಸಿಕ್ಕವು. ಆ ಪ್ರಯೋಗ ಖುಷಿ ಕೊಟ್ಟಿತು, ಆದರೆ ಹೊಸಬನ 110 ಪೌಂಡಿಗೆ ಅದು ಸರಿಯಾದ ಜಾಗವಲ್ಲ.

ಮಧ್ಯಮ ಸಂಖ್ಯೆಯ ಬಿಬಿ ಹಿಡಿಯುವ ಮೂರು ಮಿಡ್-ಕ್ಯಾಪ್ ಮ್ಯಾಗಜೀನಿಗೆ 25 ಪೌಂಡ್ ಸೇರಿಸಿದರೆ ಹುಡುಗನ ಸ್ವಂತ ಸಾಮಾನಿನ ಲೆಕ್ಕ 385ರ ಆಸುಪಾಸು, ಬಾಡಿಗೆಯ ಹೆಚ್ಚುವರಿ ಸೇರಿಸಿ 450. ರೆಡ್ ಡಾಟ್ ನನ್ನ ಹಳೆಯದು, ಅದಕ್ಕೆ ಲೆಕ್ಕ ಹಿಡಿದಿಲ್ಲ. ಮೂರನೆಯ ಹೊಸಬ ಅವನ ಕೊಠಡಿಯ ಜೊತೆಗಾರ. ಅವನಿಗೆ ಬೂಟು ಮೊದಲೇ ಇದ್ದುದರಿಂದ ಇನ್ನೂ ಕಡಿಮೆಯಾಯಿತು. ಕಳೆದ ತಿಂಗಳು ಹುಬ್ಬಳ್ಳಿಯ ಗೆಳೆಯರು ಫೋನ್ ಮಾಡಿ, ತಮ್ಮ ಮಗನಿಗೆ ಈ ವರ್ಷ ಹದಿನೆಂಟು ತುಂಬುತ್ತದೆ, ಪಟ್ಟಿ ಕಳುಹಿಸಿ ಎಂದು ಕೇಳಿದರು. ಗಾಗಲ್ ಹೆಸರೊಂದನ್ನು ಬಿಟ್ಟು ಬೇರೇನನ್ನೂ ನಾನು ಸದ್ಯಕ್ಕೆ ಕಳುಹಿಸಿಲ್ಲ; ಅವರ ಮನೆಯಲ್ಲಿ ಇಡ್ಲಿ ಪಾತ್ರೆ ಇದೆಯೇ ಎಂದು ಮಾತ್ರ ಕೇಳಿದ್ದೇನೆ.