ಜಾಝ್ ಸ್ಯಾಕ್ಸೋಫೋನ್‌ನಲ್ಲಿ ಸ್ಟ್ಯಾಂಡರ್ಡ್ಸ್ ಕೇಳೋದು ಹೆಂಗೆ

ಸ್ಟ್ಯಾಂಡರ್ಡ್ಸ್ ಅಂದ್ರೆ ಬಹುಪಾಲು ಅಮೆರಿಕದ ಹಳೇ ಬ್ರಾಡ್‌ವೇ ನಾಟಕ, ಸಿನಿಮಾ ಹಾಡುಗಳೇ, ಅವನ್ನ ಜಾಝ್‌ನೋರು ಎತ್ಕೊಂಡು ತಮ್ಮದೇ ಥರ ನುಡಿಸ್ತಾ ಬಂದ್ರು. ಸುಮಾರು ಜನ ನೇರವಾಗಿ ಸ್ಯಾಕ್ಸ್ ರೆಕಾರ್ಡಿಂಗ್ ಹಾಕ್ತಾರೆ, ಒಂದು ನಿಮಿಷ ಆಗೋಷ್ಟರಲ್ಲಿ ಟ್ಯೂನ್ ಎಲ್ಲೋಯ್ತು ಅಂತಾನೇ ಗೊತ್ತಾಗಲ್ಲ, ಅಲ್ಲಿಗೆ ಬಿಟ್ಬಿಡ್ತಾರೆ. ಹಂಗೆ ಮಾಡ್ಬೇಡಿ. ಮೊದ್ಲು ಯಾರಾದ್ರೂ ಹಾಡಿರೋದನ್ನ ಕೇಳಿ, ಗುನುಗೋಕೆ ಬರೋವರೆಗೂ ಕೇಳಿ, ಆಮೇಲೆ ಸ್ಯಾಕ್ಸ್.

ನಾನಾದ್ರೆ 'ಬಾಡಿ ಅಂಡ್ ಸೋಲ್' ಇಂದ ಶುರು ಮಾಡಿ ಅಂತೀನಿ. ಬಿಲ್ಲಿ ಹಾಲಿಡೇ 1940ರಲ್ಲಿ ಹಾಡಿರೋದಿದೆ, ಅದು ಬಾಯಿಗೆ ಬಂದ್ಮೇಲೆ ಕೋಲ್ಮನ್ ಹಾಕಿನ್ಸ್ 1939ರ ಅಕ್ಟೋಬರ್‌ನಲ್ಲಿ ಟೆನರ್ ಅನ್ನೋ ದಪ್ಪ ದನಿಯ ಸ್ಯಾಕ್ಸ್‌ನಲ್ಲಿ ನುಡಿಸಿರೋದನ್ನ ಹಾಕಿ. ಮೂರೇ ನಿಮಿಷ. ಶುರುವಿನ ಕೆಲವು ಬಾರ್ (ಬಾರ್ ಅಂದ್ರೆ ತಾಳದ ಒಂದು ಆವರ್ತ) ಟ್ಯೂನ್ ಸುತ್ತಮುತ್ತ ಇದ್ದು ಆಮೇಲೆ ಆಸಾಮಿ ಅದನ್ನ ಬಿಟ್ಟೇಬಿಡ್ತಾನೆ, ಆದ್ರೆ ನೀವು ಬಿಡ್ಬೇಡಿ, ಅವನು ಏನೇ ನುಡಿಸ್ಲಿ ಕೆಳಗಡೆ ಮೂಲ ಹಾಡನ್ನ ಮನಸ್ಸಲ್ಲೇ ಗುನುಗ್ತಾ ಇರಿ, ಇದೊಂದು ಅಭ್ಯಾಸ ಆದ್ರೆ ಮಿಕ್ಕಿದ್ದೆಲ್ಲ ತಾನಾಗೇ ತೆರ್ಕೊಳ್ಳುತ್ತೆ. ಹಾಡು 32 ಬಾರ್, ಎಂಟೆಂಟರ ನಾಕು ಭಾಗ, ಮೂರನೇದು ಮಾತ್ರ ಬೇರೆ ಟ್ಯೂನ್, ಅದೇ ಬ್ರಿಡ್ಜ್. ಅಲ್ಲಿಗೆ ಬಂದಾಗ ಸ್ಕೇಲ್ ಅರ್ಧ ಸ್ವರ ಮೇಲಕ್ಕೆ ಜಾರುತ್ತೆ, ಆ ಜಾಗ ಕಿವಿಗೆ ಸಿಕ್ತು ಅಂದ್ರೆ ದಾರಿ ತಪ್ಪಲ್ಲ. ಹಾಕಿನ್ಸ್ ಇಡೀ ಹಾಡನ್ನ ಎರಡು ಸಲ ಸುತ್ತಿ ಬರ್ತಾನೆ, ಎರಡನೇ ಸುತ್ತಲ್ಲಿ ಹೆಂಗೆ ಕಾವೇರ್ತಾ ಹೋಗುತ್ತೆ ಗಮನಿಸಿ.

ಇದು ಕಷ್ಟ ಅನ್ಸಿದ್ರೆ ಜಾನ್ ಕೋಲ್ಟ್ರೇನ್‌ನ 'ಬ್ಯಾಲಡ್ಸ್' ಆಲ್ಬಮ್ ಹಾಕ್ಕೊಳ್ಳಿ, ಅಲ್ಲಿ ಟ್ಯೂನ್ ಕಣ್ಮುಂದೇನೇ ಇರುತ್ತೆ. ಅದೇ ಮನುಷ್ಯ 1960ರಲ್ಲಿ ರೆಕಾರ್ಡ್ ಮಾಡಿದ 'ಮೈ ಫೇವರಿಟ್ ಥಿಂಗ್ಸ್' ಬೇರೇನೇ ಲೋಕ, ಸೊಪ್ರಾನೋ ಅನ್ನೋ ತೆಳು ದನಿಯ ಸ್ಯಾಕ್ಸ್, ಮೂರರ ತಾಳ, 13 ನಿಮಿಷಕ್ಕೂ ಜಾಸ್ತಿ. ಅದ್ರಲ್ಲಿ ಹಾಡಿನ ಕೊನೇ ಭಾಗದ ಟ್ಯೂನನ್ನ ಅವನು ಎಲ್ಲಾ ಮುಗಿಯೋ ಹೊತ್ತಿಗೆ ಮಾತ್ರ ನುಡಿಸ್ತಾನೆ, ಹಾಡು ಗೊತ್ತಿದ್ದೋರಿಗೆ ಅಷ್ಟೊತ್ತು ಕಾದಿದ್ದು ಸಾರ್ಥಕ ಅನ್ಸುತ್ತೆ.

ಟೆನರ್ ಸ್ಯಾಕ್ಸ್ ನುಡಿಸೋ ಬೆನ್ ವೆಬ್‌ಸ್ಟರ್‌ನ ಹೆಡ್‌ಫೋನಲ್ಲೇ ಕೇಳ್ಬೇಕು, 1959ರಲ್ಲಿ ಪಿಯಾನೋದ ಆಸ್ಕರ್ ಪೀಟರ್ಸನ್ ಜೊತೆ ಮಾಡಿದ ರೆಕಾರ್ಡಿಂಗ್ ಸಾಕು. ನಿಧಾನದ ಹಾಡುಗಳಲ್ಲಿ ಸ್ವರ ಮುಗಿದ್ಮೇಲೂ ಬರೀ ಉಸಿರು ಉಳ್ಕೊಳ್ಳುತ್ತೆ, ಫೋನ್ ಸ್ಪೀಕರಲ್ಲಿ ಅದು ಕೇಳಿಸೋದೇ ಇಲ್ಲ.

ಇನ್ನೊಬ್ಬ ಸ್ಯಾಕ್ಸ್ ವಾದಕ ಚಾರ್ಲಿ ಪಾರ್ಕರ್‌ನ ಕೊನೇಗೆ ಇಟ್ಕೊಳ್ಳಿ. 1947ರ 'ಎಂಬ್ರೇಸಬಲ್ ಯು'ಗೆ ಎರಡು ಟೇಕ್ ಇದೆ, ಅಂದ್ರೆ ಎರಡು ಸಲ ರೆಕಾರ್ಡ್ ಮಾಡಿದ್ದಾನೆ, ಒಂದೇ ದಿನ ಒಂದೇ ಹಾಡು, ಎರಡರಲ್ಲೂ ಮೂಲ ಟ್ಯೂನ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಒಂದರ ಹಿಂದೆ ಒಂದು ಹಾಕಿ, ಗುನುಗ್ತಾ ಕೇಳಿ, ಎಷ್ಟು ಬೇರೆ ಬೇರೆ ದಾರೀಲಿ ಹೋಗಿದ್ದಾನೆ ಅಂತ ನಿಮಗೇ ಕೇಳಿಸುತ್ತೆ.